ತಿಪ್ಪೆ ಕೊಟ್ಟು ಹಂಡೆ ತಂದ ಮನೆ

ನಮ್ಮ ಮನೆಯಲ್ಲಿ ಬೆಳಗು ಶುರುವಾಗುತ್ತಿದ್ದದ್ದು ಮಂಕರಿಯಿಂದ. ಕೋಳಿ ಕೂಗುವ ಹೊತ್ತಿಗೆ ಅವ್ವ ಕೊಟ್ಟಿಗೆ ಬಾಚಿ, ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ, ಅಂಗಳದ ಕಸ ಎಲ್ಲವನ್ನೂ ಬಿದಿರಿನ ಮಂಕರಿಗೆ ತುಂಬಿಕೊಂಡು ತಲೆಗೇರಿಸುತ್ತಿದ್ದಳು. ಅವಳ ಹಿಂದೆ ಚಿಕ್ಕಮ್ಮ, ಚಿಕ್ಕಮ್ಮನ ಹಿಂದೆ ನಾನು. ನನಗೂ ಒಂದು ಪುಟ್ಟ ಮಂಕರಿ ಇತ್ತು. ಕಾಡಂಚಿನ ಹಾಡಿಯಿಂದ ಬುಟ್ಟಿ ಮಾರಲು ಬರುತ್ತಿದ್ದವರಿಗೆ ಹೇಳಿ ಅಜ್ಜಿ ಅದನ್ನು ನನ್ನ ತಲೆಯ ಅಳತೆಗೇ ಹೆಣೆಸಿದ್ದಳು. ಬೇರೆ ಮನೆಯ ಹೆಣ್ಣುಮಕ್ಕಳಿಗೆ ಬೆಳ್ಳಿ ಗೆಜ್ಜೆ ಮಾಡಿಸುವ ವಯಸ್ಸಿನಲ್ಲಿ ನನಗೆ ಸಿಕ್ಕಿದ್ದು ಸಗಣಿ ಹೊರುವ ಬುಟ್ಟಿ ಅಂತ ನಾನು ಅತ್ತದ್ದೂ ಉಂಟು. ಆದರೆ ಹಿತ್ತಲಿಗೆ ಹೋಗುವ ಆ ಮೆರವಣಿಗೆಯಲ್ಲಿ ನನ್ನನ್ನು ಬಿಟ್ಟು ಹೋದರೆ ಅದಕ್ಕಿಂತ ಜೋರಾಗಿ ಅಳುತ್ತಿದ್ದೆ. ಗಂಡಸರು ಮಾತ್ರ ಮಂಕರಿ ಮುಟ್ಟುತ್ತಿರಲಿಲ್ಲ. ವರ್ಷಕ್ಕೊಂದು ಸಲ ಗಾಡಿ ಕಟ್ಟಿ ಗೊಬ್ಬರವನ್ನು ಹೊಲಕ್ಕೆ ಹೊಡೆಯುವುದು ಗಂಡಸರ ಕೆಲಸ, ದಿನದಿನವೂ ಹೊತ್ತು ಹಾಕುವುದು ಹೆಂಗಸರ ಕೆಲಸ. ಯಾರು ಮಾಡಿದ ಕಾನೂನೋ ಗೊತ್ತಿಲ್ಲ, ಮಾಡಿದವನು ಗಂಡಸು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಹಿತ್ತಲಿನ ತಿಪ್ಪೆಯ ಕಡೆಗೆ ಬರಿಗೈಯಲ್ಲಿ ಹೋಗಬಾರದು ಎನ್ನುವುದು ಅಜ್ಜಿಯ ಕಟ್ಟಳೆ. ಸುಮ್ಮನೆ ಆಟಕ್ಕೆ ಹೋದರೂ ಒಂದು ತರಗೆಲೆಯನ್ನಾದರೂ ಹಿಡಿದುಕೊಂಡು ಹೋಗಿ ಹಾಕಬೇಕಿತ್ತು.

"ದೇವಸ್ಥಾನಕ್ಕೆ ಬರಿಗೈಲಿ ಓದ್ರೆ ಸ್ವಾಮಿ ಏನೂ ಅಂದ್ಕಳಲ್ಲ. ತಿಪ್ಪಮ್ಮ ಅಂಗಲ್ಲ ಕಣ್ ಕೂಸೆ, ಅವ್ಳು ನೆಪ್ಪು ಮಡೀಕತಾಳೆ."

ತಿಪ್ಪಮ್ಮ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತಾಳೆ ಅನ್ನುವುದನ್ನು ನಾನು ಅಕ್ಷರಶಃ ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ಚಳಿಗಾಲದ ಬೆಳಿಗ್ಗೆ ಊರೆಲ್ಲ ಮಂಜಿನಲ್ಲಿ ಮುದುಡಿಕೊಂಡಿರುವಾಗ ನಮ್ಮ ತಿಪ್ಪೆಯ ನೆತ್ತಿಯಿಂದ ಹಬೆ ಏಳುತ್ತಿತ್ತು. ಬೆಂಕಿ ಇಲ್ಲ, ಒಲೆ ಇಲ್ಲ, ಹಬೆ ಎಲ್ಲಿಂದ? ಅಜ್ಜಿ ನನ್ನ ಕೈಯನ್ನು ಹಿಡಿದು ಮೊಣಕೈವರೆಗೆ ಒಳಗೆ ತೂರಿಸಿದಳು. ಬಿಸಿ. ಕರು ಹಾಕಿದ ಹಸುವಿನ ಹೊಟ್ಟೆ ಮುಟ್ಟಿದಷ್ಟು ಬಿಸಿ. ನಾವು ಬೇಡ ಅಂತ ಎಸೆದದ್ದೆಲ್ಲ ಅದರೊಳಗೆ ಕೂತು ಏನೋ ಕೆಲಸ ಮಾಡುತ್ತಿದೆ ಅನ್ನಿಸಿ ನನ್ನ ಮೈ ಜುಂ ಅಂದಿತು. ಆಮೇಲೆ ಎಷ್ಟೋ ದೇವಸ್ಥಾನಗಳ ಗರ್ಭಗುಡಿಯ ಮುಂದೆ ನಿಂತಿದ್ದೇನೆ, ಅಂಥ ಭಯಭಕ್ತಿ ಮತ್ತೆ ಬಂದಿಲ್ಲ.

ಮನೆ ಪಾಲಾದದ್ದು ಒಂದು ಸಂಕ್ರಾಂತಿ ಕಳೆದ ಮೇಲೆ. ಜಗಳ ಯಾವುದರಿಂದ ಹುಟ್ಟಿತೋ ಇವತ್ತಿಗೂ ನನಗೆ ಸರಿಯಾಗಿ ತಿಳಿಯದು. ಅಪ್ಪನ ಕಡೆಯಿಂದ ಕೇಳಿದರೆ ಎತ್ತಿನ ಹಗ್ಗ, ಚಿಕ್ಕಪ್ಪನ ಕಡೆಯಿಂದ ಕೇಳಿದರೆ ಉಪ್ಪಿನಕಾಯಿ ಜಾಡಿ. ಊರಿನ ಯಜಮಾನರು ನಮ್ಮ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಾ ಎಲ್ಲವನ್ನೂ ಎರಡು ಮಾಡಿದರು. ಕೆರೆ ಕೆಳಗಿನ ಹೊಲ ಚಿಕ್ಕಪ್ಪನ ಪಾಲಿಗೆ ಹೋಯಿತು, ಬೋರೆ ಹೊಲ ಅಪ್ಪನ ಪಾಲಿಗೆ ಬಂತು. ಬೋರೆ ಅಂದರೆ ನಮ್ಮ ಕಡೆ ದಿಣ್ಣೆ. ಹಂಪಾಪುರದ ಸಂತೆಗೆ ಹೋಗುವ ದಾರಿಯ ಪಕ್ಕ, ಎತ್ತರದಲ್ಲಿ, ಕೆಂಪಗೆ ಬೋಳಾಗಿ ಬಿದ್ದಿದ್ದ ಹೊಲ ಅದು. ಎರಚಿದ ಹುರುಳಿಯೂ ಅಲ್ಲಿ ಎರಚಿದವನಿಗೆ ಬೈದುಕೊಂಡೇ ಮೊಳೆಯುತ್ತಿತ್ತು. ಅಂಥ ಹೊಲ ಬಂದವನಿಗೆ ಸಮಾಧಾನಕ್ಕೆ ಏನಾದರೂ ಇರಲಿ ಅಂತ ಯಜಮಾನರಲ್ಲಿ ಹಿರಿಯರೊಬ್ಬರು ಅಪ್ಪನಿಗೆ ಮೊದಲ ಆಯ್ಕೆ ಕೊಟ್ಟರು.

"ಬೋರೆ ಹೊಲ ಬಂದೋನಿಗೆ ತಿಪ್ಪೆನಾದ್ರೂ ಇರ್ಲಿ ಕಣಪ್ಪ ಮಾದೇವ. ತಿಪ್ಪೆ ಬೇಕೋ, ಬಚ್ಚಲ ಹಂಡೆ ಬೇಕೋ, ಮೊದ್ಲು ನೀನೇ ಯೋಳು."

"ಸಗಣಿಗೆ ಕೈ ಒಡ್ಡೋನಲ್ಲ ನಾನು," ಅಂದ ಅಪ್ಪ. "ಹಂಡೆ ಕೊಡಿ."

ಹಂಡೆ ಅಜ್ಜಿ ತವರಿನಿಂದ ತಂದ ತಾಮ್ರದ್ದು. ನಾನು ಕಣ್ಣಾಮುಚ್ಚಾಲೆ ಆಡುವಾಗ ಅದರೊಳಗೆ ಕೂತರೆ ಯಾರಿಗೂ ಸಿಗುತ್ತಿರಲಿಲ್ಲ. ಊರಲ್ಲಿ ಅಷ್ಟು ದೊಡ್ಡ ಹಂಡೆ ಇನ್ನೊಂದಿರಲಿಲ್ಲ, ಅಪ್ಪನಿಗೆ ಅದು ಮನೆತನದ ಗುರುತು. ತಿಪ್ಪೆ ಬೇಕು ಅಂತ ತಮ್ಮನ ಎದುರು, ಊರ ಎದುರು ಬಾಯಿಬಿಟ್ಟು ಕೇಳುವುದು ಅವನಿಗೆ ಸಣ್ಣತನವಾಗಿ ಕಂಡಿತು. ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡ ಅಜ್ಜಿ ತಲೆ ಮೇಲೆ ಕೈ ಇಟ್ಟುಕೊಂಡು ಅಡುಗೆ ಮನೆಗೆ ಬಂದಳು.

"ತಿಪ್ಪೆ ಕೊಟ್ಟು ಹಂಡೆ ತಂದವ್ನೆ ನನ್ ಮಗ. ಇನ್ಮೇಕೆ ಮೂರೊತ್ತೂ ಬಿಸ್ನೀರು ಕುಡ್ಕಂಡು ಮನೀಕಳವ ಬುಡು ಜಯಮ್ಮ."

ಜಯಮ್ಮ ಅಂದರೆ ನನ್ನ ಅವ್ವ. ಅಜ್ಜಿ ಯಾವ ಮಗನ ಜೊತೆ ಇರಬೇಕು ಅನ್ನುವ ಮಾತು ಬಂದಾಗ ಎಲ್ಲರೂ ಅವಳು ಚಿಕ್ಕಪ್ಪನ ಕಡೆ ಹೋಗುತ್ತಾಳೆ ಅಂದುಕೊಂಡಿದ್ದರು. ಅವಳು ತನ್ನ ಎಲೆಅಡಿಕೆ ಚೀಲ ಎತ್ತಿಕೊಂಡು ನಮ್ಮ ಕಡೆಗೆ ಬಂದಳು. ಯಾಕೆ ಅಂತ ಕೇಳಿದವರಿಗೆ, ಬುದ್ಧಿ ಇರುವವನ ಮನೆಯಲ್ಲಿ ತನಗೇನು ಕೆಲಸ ಅಂದಳಂತೆ. ನಡುಮನೆಗೆ ಅಡ್ಡಲಾಗಿ ಒಂದು ಮಣ್ಣಿನ ಗೋಡೆ ಎದ್ದಿತು. ಅದು ಸೂರಿನವರೆಗೆ ಮುಟ್ಟಲಿಲ್ಲ. ಆಚೆಯ ಉಪ್ಪೆಸರಿನ ವಾಸನೆ ಈಚೆಗೆ, ಈಚೆಯ ಜಗಳ ಆಚೆಗೆ, ಎಲ್ಲವೂ ಗೋಡೆಯ ಮೇಲಿಂದ ಹೋಗಿಬರುತ್ತಿತ್ತು. ಹಿತ್ತಲಿಗೆ ಮುಳ್ಳಿನ ಬೇಲಿ ಬಿತ್ತು. ನಾನೂ ಅವ್ವನೂ ಹೊತ್ತು ಹಾಕಿದ ತಿಪ್ಪೆ ಬೇಲಿಯ ಆಚೆ ಉಳಿಯಿತು. ಮರುದಿನ ಬೆಳಿಗ್ಗೆ ಅವ್ವ ಮಂಕರಿ ಹೊತ್ತು ಹೊರಗೆ ಬಂದವಳು ಎಲ್ಲಿ ಹಾಕುವುದು ಅಂತ ತಿಳಿಯದೆ ನಿಂತೇ ಇದ್ದಳು. ಅಜ್ಜಿ ಬೇಲಿಯ ಈಚೆ, ನುಗ್ಗೆ ಮರದ ಬುಡದಲ್ಲಿ ಕಾಲಿನಿಂದ ಒಂದು ಗೆರೆ ಎಳೆದು ತೋರಿಸಿದಳು. ಅವ್ವನ ಒಂದು ಮಂಕರಿ, ನನ್ನ ಒಂದು ಪುಟ್ಟ ಮಂಕರಿ, ಅಷ್ಟೇ ನಮ್ಮ ಹೊಸ ತಿಪ್ಪೆ. ಕೋಳಿಯೊಂದು ಬಂದು ಕೆದರಿದರೆ ಅದೂ ಇಲ್ಲ.

ಆ ವಾರವೇ ಅಜ್ಜಿ ನನ್ನನ್ನು ಬೋರೆ ಹೊಲಕ್ಕೆ ಕರೆದುಕೊಂಡು ಹೋದಳು. ಕೈಯಲ್ಲಿ ಒಂದು ಚೊಂಬು ನೀರು. ಕುಡಿಯಲು ಅಂತ ನಾನು ತಿಳಿದಿದ್ದೆ. ಹೊಲದ ನಡುವೆ ಕುಕ್ಕರಗಾಲಿನಲ್ಲಿ ಕೂತು ಅವಳು ಆ ನೀರನ್ನು ನಿಧಾನವಾಗಿ ನೆಲಕ್ಕೆ ಸುರಿದಳು. ನೀರು ನಿಲ್ಲಲಿಲ್ಲ, ಇಂಗಲೂ ಇಲ್ಲ. ಕಲ್ಲುಚಪ್ಪಡಿಯ ಮೇಲೆ ಸುರಿದ ಹಾಗೆ ಸರಸರ ಹರಿದು, ಒಂದಿಷ್ಟು ಕೆಂಪು ಧೂಳನ್ನೂ ಜೊತೆಗೆ ಎಳೆದುಕೊಂಡು ಬದುವಿನ ಕಡೆ ಹೋಯಿತು. ನೀರು ಹೋದ ಜಾಗವನ್ನು ಅವಳು ಉಗುರಿನಿಂದ ಕೆರೆದು ತೋರಿಸಿದಳು. ಕೆಳಗೆ ಹಾಗೇ ಒಣಗಿತ್ತು.

"ಉಣ್ಣಕ್ಕಿಕ್ಕದೆ ಬುಟ್ಟವ್ರೆ ಕಣವ್ವ ಇದ್ಕೆ. ಇಕ್ಕದೋರ್ ಮನೆ ಕೂಸು ಬಾಯಿ ಮುಚ್ಕಂಡು ಬುಡ್ತದೆ. ಆಮೇಕೆ ನೀರು ಕೊಟ್ರೂ ಕುಡಿಯಕಿಲ್ಲ."

ಹೊಲಕ್ಕೂ ಹಸಿವಾಗುತ್ತದೆ ಎನ್ನುವುದು ನನಗೆ ಹೊಸದು. ಅವತ್ತಿನವರೆಗೆ ಹೊಲ ಅಂದರೆ ನಮಗೆ ಉಣ್ಣಲು ಕೊಡುವಂಥದ್ದು ಅಂತ ಮಾತ್ರ ತಿಳಿದಿದ್ದೆ. ದಾರಿಯುದ್ದಕ್ಕೂ ನಾನು ತಿರುಗಿ ತಿರುಗಿ ಆ ಬೋಳು ದಿಣ್ಣೆಯನ್ನು ನೋಡಿದೆ. ಪಾಪ ಅನ್ನಿಸಿತು. ಹೆದರಿಕೆಯೂ ಆಯಿತು.

ಯುಗಾದಿಯ ಹೊತ್ತಿಗೆ ಪಿರಿಯಾಪಟ್ಟಣದ ಕಡೆಯ ಮೇಸ್ತ್ರಿಯೊಬ್ಬರು ಊರಿಗೆ ಬಂದರು. ಕೊಡಗಿನ ಕಾಫಿ ತೋಟಗಳಿಗೆ ಹಣ್ಣು ಬಿಡಿಸುವ ಆಳುಗಳನ್ನು ಜೋಡಿಸಿ ಕರೆದೊಯ್ಯುವವರು ಅವರು. ಅಪ್ಪ ಅವರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದ. ಕಾರ್ತಿಕ ಕಳೆಯುತ್ತಲೇ ಮನೆಗೆ ಬೀಗ ಹಾಕಿ ಎಲ್ಲರೂ ತೋಟಕ್ಕೆ ಬರುವುದು, ಅಲ್ಲೇ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಇದ್ದುಬಿಡುವುದು ಅಂತ ಮಾತಾಯಿತು. ಬೋರೆ ಹೊಲ ಅಷ್ಟರೊಳಗೆ ಹೊಟ್ಟೆ ತುಂಬುವಷ್ಟು ಕೊಟ್ಟರೆ ನೋಡೋಣ ಅಂತಲೂ ಅಪ್ಪ ಸೇರಿಸಿದನಂತೆ. ಆದರೆ ಎತ್ತು ಕರು ಹಾಕಿದರೆ ನೋಡೋಣ ಅನ್ನುವ ದನಿಯಲ್ಲಿ. ಅವ್ವ ಆ ದಿನ ಮುದ್ದೆ ತೊಳಸುವಾಗ ಕೋಲನ್ನು ಪಾತ್ರೆಗೆ ಬಡಿದ ಸದ್ದು ಗೋಡೆಯ ಆಚೆಗೂ ಕೇಳಿತು. ಅವಳು ಹುಟ್ಟಿದ್ದೇ ಲೈನ್ ಮನೆಯಲ್ಲಿ. ಹಾರನಹಳ್ಳಿ ಕಡೆಯ ಅವಳ ಅಪ್ಪ ಅವ್ವ ತೋಟಕ್ಕೆ ಹೋದವರು ಅಲ್ಲೇ ಮುದುಕರಾದರು. ಜಿಗಣೆ, ಹಸಿ ಸೌದೆಯ ಹೊಗೆ, ಬೆಳಗಿನ ಗಂಟೆಯ ಸದ್ದು, ಇವನ್ನೆಲ್ಲ ಅವಳು ನಮಗೆ ಕತೆಯಂತೆ ಹೇಳುತ್ತಿದ್ದಳು. ಅವತ್ತು ಮಾತ್ರ ಕತೆಯಾಗಿ ಹೇಳಲಿಲ್ಲ.

"ನಿಮ್ಗೊತ್ತಿಲ್ಲ, ನಂಗೊತ್ತು. ಅಲ್ಲಿ ಒಲೆ ನಾವು ಉರಿಸ್ಬೇಕು. ಬೂದಿ ಸಾವ್ಕಾರ್ರ ತೋಟಕ್ಕೆ. ಒಲೆ ಬೂದಿನೂ ನಮ್ದಲ್ಲ ಕಣ್ರೀ ಅಲ್ಲಿ."

ಅಪ್ಪ ಕೈ ತೊಳೆದು ಎದ್ದ. ನಾನು ನನ್ನ ಪುಟ್ಟ ಮಂಕರಿಯನ್ನು ನೋಡಿದೆ. ತೋಟಕ್ಕೆ ಹೋದರೆ ಇದನ್ನು ಎಲ್ಲಿಗೆ ಹೊರುವುದು ಅನ್ನುವುದೇ ನನಗಿದ್ದ ದೊಡ್ಡ ಯೋಚನೆ. ಮನೆ ಬಿಟ್ಟು ಹೋಗುವುದೆಂದರೆ ಏನು ಅಂತ ನನಗೆ ಆ ಪ್ರಶ್ನೆಯಿಂದಲೇ ಅರ್ಥವಾದದ್ದು.

ಭರಣಿ ಸುರಿದರೆ ಧರಣಿ ಬದುಕೀತು ಅನ್ನುತ್ತಾರೆ. ಆ ವರ್ಷ ಭರಣಿ ಮಳೆ ಚೆನ್ನಾಗಿಯೇ ಬಂತು. ನೆಲ ಮೆತ್ತಗಾದ ಮರುದಿನ ಅಜ್ಜಿ ಅಟ್ಟದಿಂದ ಒಂದು ಗಂಟು ಇಳಿಸಿದಳು. ಬೂದಿಯಲ್ಲಿ ಹೊರಳಿಸಿಟ್ಟ ಅಲಸಂದೆ ಬೀಜ. ಬೋರೆ ಹೊಲಕ್ಕೆ ಇದನ್ನೇ ಹಾಕು ಅಂದಳು. ಅಪ್ಪನಿಗೆ ಖುಷಿಯಾಯಿತು. ಬೇಗ ಬರುವ ಬೆಳೆ, ಎಳೆಕಾಯಿಗೂ ಗಿರಾಕಿ ಉಂಟು, ಕಾಳಿಗೂ ಉಂಟು. ಉತ್ತು ಎರಚಿದ. ಅಜ್ಜಿ, ಅವ್ವ, ನಾನು ಹಿಂದೆ ಹಿಂದೆ ಹೋಗಿ ಹೊಂಗೆ ಸೊಪ್ಪು, ಬೂದಿ, ನಮ್ಮ ಬಡ ತಿಪ್ಪೆಯಲ್ಲಿ ಕೂಡಿದ್ದಷ್ಟನ್ನು ಚೆಲ್ಲಿದೆವು. ಆ ತಿಪ್ಪೆ ನಮ್ಮ ಎರಡು ಎತ್ತು, ಒಂದು ಹಸುವಿನ ಲೆಕ್ಕಕ್ಕಿಂತ ಸ್ವಲ್ಪ ಬೇಗನೇ ಬೆಳೆಯುತ್ತಿತ್ತು. ಅಜ್ಜಿ ಬೇಲಿಯ ಕಡೆ ನೋಡಿ ನಗುತ್ತಿದ್ದಳು.

ಬಿಳಿಚಿಕೊಂಡೇ ಹುಟ್ಟಿದ ಅಲಸಂದೆ ಎರಡು ಮಳೆ ಕಳೆದ ಮೇಲೆ ಯಾರ ಕಣ್ಣೂ ನಂಬದ ಹಾಗೆ ಹಬ್ಬಿತು. ಬೋಳು ದಿಣ್ಣೆಗೆ ಹಸಿರು ಕಂಬಳಿ ಹೊದಿಸಿದಂತಾಯಿತು. ಸಂತೆಗೆ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ತಿಳಿ ನೇರಳೆ ಹೂ ಬಿಡತೊಡಗಿದಾಗ ಅಪ್ಪ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸತೊಡಗಿದ. ಎಷ್ಟು ಚೀಲ ಕಾಳು, ಯಾವ ಸಂತೆಗೆ, ಎಲ್ಲ ಅವನ ಬಾಯಲ್ಲಿ ಆಗಲೇ ಅಳತೆಯಾಗುತ್ತಿತ್ತು. ಒಂದು ಸಂಜೆ ಅವನು ಊಟಕ್ಕೆ ಕೂತಿದ್ದಾಗ ಅಜ್ಜಿ ಎಲೆಗೆ ಸುಣ್ಣ ಸವರುತ್ತಾ, ಉಪ್ಪು ಕೇಳುವಷ್ಟೇ ಸಲೀಸಾಗಿ ಮಾತು ತೆಗೆದಳು.

"ನಾಳೀಕೆ ನೇಗ್ಲು ಕಟ್ಟಪ್ಪ. ಹೂವಿನ ಮೇಲಿರಂಗೇ ಅಲಸಂದೆನ ಉತ್ತಾಕ್ಬುಡವ. ಕಾಯಿ ಕಟ್ಟುದ್ರೆ ಸತ್ವ ಎಲ್ಲ ಕಾಯ್ಗೋಯ್ತದೆ, ಮಣ್ಗೆ ಏನೂ ಉಳಿಯಕಿಲ್ಲ."

ಅಪ್ಪನ ಕೈಯಲ್ಲಿದ್ದ ಮುದ್ದೆಯ ತುತ್ತು ತಟ್ಟೆಗೆ ಬಿತ್ತು. ಅವನು ಮೊದಲು ನಕ್ಕ. ಅಜ್ಜಿ ನಗಲಿಲ್ಲ. ಆಮೇಲೆ ಅವನು ಕೂಗಾಡಿದ. ಆ ದಿಣ್ಣೆ ಹುಟ್ಟಿದಾಗಿನಿಂದ ಮೊದಲನೇ ಸಲ ಬೆಳೆ ಕೊಟ್ಟಿದೆ, ಅದನ್ನು ಮಣ್ಣಿಗೆ ತುಳಿಯುವುದು ಅನ್ನವನ್ನು ತುಳಿದ ಹಾಗೆ, ಹೀಗೆ ಮಾಡುವುದಿದ್ದರೆ ಬಿತ್ತುವ ಮುಂಚೆಯೇ ಯಾಕೆ ಹೇಳಲಿಲ್ಲ ಅಂತ. ಹೇಳಿದ್ದರೆ ನೀನು ಬಿತ್ತುತ್ತಿದ್ದೆಯಾ ಅಂತ ಅಜ್ಜಿ ಕೇಳಿದಳು. ಹೋದ ವರ್ಷದವರೆಗೆ ಆ ಹೊಲದಿಂದ ಬರೀ ತೆಗೆದದ್ದೇ ಆಯಿತು, ಒಂದು ಸಲ ಅದಕ್ಕೂ ಬಡಿಸು ಅಂದಳು. ಅಪ್ಪ ತಟ್ಟೆ ಬಿಟ್ಟು ಎದ್ದ. ಹೊಲ ಉಳುವುದಿಲ್ಲ, ಕಾಯಿ ಬಿಡಿಸುತ್ತೇನೆ, ಕಾರ್ತಿಕಕ್ಕೆ ಕೊಡಗಿಗೆ ಹೋಗುತ್ತೇನೆ, ಇಷ್ಟೇ ಅವನ ಕೊನೆಯ ಮಾತು. ನಾನು ಅಪ್ಪನ ಪರವಾಗಿದ್ದೆ, ನಿಜ ಹೇಳಬೇಕಲ್ಲ. ಆ ಹೂಗಳನ್ನು ನೋಡಿದ ಯಾರಾದರೂ ಅಪ್ಪನ ಪರವೇ ಇರುತ್ತಿದ್ದರು.

ಬೆಳಿಗ್ಗೆ ಎದ್ದಾಗ ಕೊಟ್ಟಿಗೆಯಲ್ಲಿ ಎತ್ತುಗಳಿರಲಿಲ್ಲ, ಮೂಲೆಯಲ್ಲಿ ನೇಗಿಲೂ ಇರಲಿಲ್ಲ, ಮನೆಯಲ್ಲಿ ಅವ್ವನೂ ಇರಲಿಲ್ಲ. ನಮ್ಮ ಕಡೆ ಹೆಂಗಸರು ಏನು ಬೇಕಾದರೂ ಮಾಡುತ್ತಾರೆ. ನಾಟಿ, ಕಳೆ, ಕುಯ್ಲು, ಹೊರೆ, ಯಾವುದಕ್ಕೂ ತಡೆಯಿಲ್ಲ. ಆದರೆ ನೇಗಿಲಿನ ಮೇಣಿ ಮುಟ್ಟಬಾರದು. ಹೆಂಗಸು ಉತ್ತರೆ ಮಳೆ ಹೋಗುತ್ತದೆ, ಊರಿಗೇ ಕೇಡು ಅನ್ನುವ ನಂಬಿಕೆ. ಅದು ನಡೆದರೆ ತಪ್ಪು ಅವಳದ್ದಲ್ಲ, ಕಟ್ಟಿಕೊಂಡವನ ಮಾನ ಹೋಗುತ್ತದೆ. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬೋರೆಯ ಕಡೆಗೆ ಓಡಿದ, ಹಿಂದೆ ನಾನೂ ಓಡಿದೆ. ಹೊಲದ ತುದಿಯಲ್ಲಿ ಅವ್ವ ನೊಗಕ್ಕೆ ಎತ್ತು ಹೂಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಣಿಯ ಪಕ್ಕ ನಿಂತಿದ್ದಳು. ಇನ್ನೂ ಮುಟ್ಟಿರಲಿಲ್ಲ. ಬದುವಿನ ಮೇಲೆ ಅಜ್ಜಿ ಕೂತು, ಏನೂ ನಡೆಯುತ್ತಿಲ್ಲವೆಂಬಂತೆ ಕುಡುಗೋಲು ಮಸೆಯುತ್ತಿದ್ದಳು. ಸಂತೆ ದಾರಿಯಲ್ಲಿ ಆಗಲೇ ನಾಲ್ಕು ಜನ ನಿಂತಿದ್ದರು.

"ನೀವು ಉಳದಾದ್ರೆ ಉಳಿ. ಇಲ್ದಿದ್ರೆ ನಾನು ಮೇಣಿ ಇಡೀತೀನಿ. ಊರೋರು ಏನಾರ ಅಂದ್ಕಳ್ಳಿ. ಲೈನ್ ಮನೇಗೆ ಮಾತ್ರ ನಾನು ಬರಕಿಲ್ಲ."

ಅಪ್ಪ ಅವಳನ್ನು ನೋಡಿದ, ದಾರಿಯಲ್ಲಿದ್ದವರನ್ನು ನೋಡಿದ, ಹೂ ತುಂಬಿದ ಹೊಲವನ್ನು ನೋಡಿದ. ಆಮೇಲೆ ಅವ್ವನನ್ನು ಪಕ್ಕಕ್ಕೆ ಸರಿಸಿ ತಾನೇ ಮೇಣಿ ಹಿಡಿದ. ಅಜ್ಜಿ, ಅವ್ವ ಮುಂದೆ ಮುಂದೆ ಅಲಸಂದೆ ಕೊಯ್ದು ಸಾಲಿಗೆ ಹಾಸಿದರು. ಅಪ್ಪನ ನೇಗಿಲು ಮುಂದಿನ ಸಾಲು ಸೀಳಿ ಅದರ ಮೇಲೆ ಮಣ್ಣೆಳೆಯಿತು. ಹೂಗಳು ಹೂವಾಗಿಯೇ ಮಣ್ಣೊಳಗೆ ಹೋದವು. ಎತ್ತು ಹೊಡೆಯುತ್ತಿದ್ದ ಅಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು. ಸಂಜೆಗೆ ದಿಣ್ಣೆ ಮತ್ತೆ ಬೋಳಾಯಿತು. ಮನೆಗೆ ಬರುವಾಗ ಅಜ್ಜಿ ಮತ್ತೆ ಮತ್ತೆ ತಿರುಗಿ ದಿಣ್ಣೆಯ ಕಡೆ ನೋಡುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಕೇಳಿದಾಗ ಅವಳು ಒಪ್ಪಿಕೊಂಡಳು. ಚಿಕ್ಕವಳಿದ್ದಾಗ ಕೃಷ್ಣರಾಜನಗರದ ಕಡೆಯ ತವರಿನಲ್ಲಿ ತನ್ನ ಅಪ್ಪ ಹಾಗೆ ಮಾಡಿದ್ದನ್ನು ಒಂದು ಸಲ ಕಂಡಿದ್ದಳಂತೆ, ಅಷ್ಟೇ. ನಂಗೂ ದಿಗಿಲಿತ್ತು ಕಣವ್ವ ಅಂದಳು.

ಅದಾದ ಮೇಲೆ ಅಪ್ಪ ಹೊಲದ ಕಡೆ ತಲೆಹಾಕಲಿಲ್ಲ. ನಾನು ಮತ್ತು ಅಜ್ಜಿ ಹೋಗುತ್ತಿದ್ದೆವು. ಆರಿದ್ರಾ ಮಳೆಯ ಹನಿ ಬಿದ್ದು ನಿಂತ ಒಂದು ಬೆಳಿಗ್ಗೆ ಅಜ್ಜಿ ಒಂದು ಕಡೆ ಕೈಯಿಂದ ಮಣ್ಣು ಬಗೆದಳು. ನೇಗಿಲು ಬೇಡ, ಗುದ್ದಲಿ ಬೇಡ, ಬರೀ ಬೆರಳು ಸಾಕಾಯಿತು. ಒಳಗೆ ಅಲಸಂದೆ ಇರಲಿಲ್ಲ. ಕಪ್ಪಗೆ ಕರಗಿದ ಏನೋ, ಅದರ ತುಂಬ ಜೇಡರ ಬಲೆಗಿಂತ ತೆಳುವಾದ ಬಿಳಿ ಎಳೆಗಳು, ಆ ಎಳೆಗಳ ನಡುವೆ ಎರೆಹುಳು, ಇನ್ನೂ ಹೆಸರಿಲ್ಲದ ಏನೇನೋ ಸಣ್ಣ ಜೀವಗಳು ಓಡಾಡುತ್ತಿದ್ದವು. ಆ ಹುಳುಗಳು ಇಷ್ಟು ದಿನ ಎಲ್ಲಿದ್ದವು? ಯಾರು ಅವಕ್ಕೆ ಊಟಕ್ಕೆ ಹೇಳಿಕಳಿಸಿದರು? ಅಜ್ಜಿ ಒಂದು ಹಿಡಿ ಮಣ್ಣನ್ನು ನನ್ನ ಮೂಗಿಗೆ ಹಿಡಿದಳು. ಮೊದಲ ಮಳೆಯ ವಾಸನೆ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಮಳೆಯದ್ದಲ್ಲ, ಮಣ್ಣಿನೊಳಗಿನವರದ್ದು ಅಂತ ನನಗೆ ಅವತ್ತು ತಿಳಿಯಿತು. ಕೃಷಿ ಇಲಾಖೆಯ ಹುಡುಗಿಯೊಬ್ಬಳು ಈಗಲೂ ವರ್ಷಕ್ಕೊಮ್ಮೆ ಬಂದು ನನ್ನ ಹೊಲದ ಮಣ್ಣು ಒಯ್ಯುತ್ತಾಳೆ, ಸಾವಯವ ಇಂಗಾಲ ಚೆನ್ನಾಗಿದೆ ಅಕ್ಕ ಅನ್ನುತ್ತಾಳೆ. ಹೆಸರು ದೊಡ್ಡದು, ವಾಸನೆ ಅದೇ. ಅವಳೂ ನನ್ನ ಹಾಗೇ ಒಂದು ಹಿಡಿ ಎತ್ತಿ ಮೂಸುತ್ತಾಳೆ, ಅದಕ್ಕೇ ಅವಳೆಂದರೆ ನನಗೆ ಇಷ್ಟ.

ಮನೆಗೆ ಓಡಿಹೋಗಿ ನಾನು ಅಪ್ಪನ ಕೈ ಹಿಡಿದು ಎಳೆದುಕೊಂಡು ಬಂದೆ. ಅವನು ಬೇಸಾಯಗಾರ, ಮಣ್ಣನ್ನು ನನಗಿಂತ ಚೆನ್ನಾಗಿ ಓದಬಲ್ಲವನು. ಒಂದು ಹಿಡಿ ಎತ್ತಿ ಹಿಸುಕಿದ, ಬಿಟ್ಟ. ಹೆಂಟೆ ಕಟ್ಟಲಿಲ್ಲ, ಧೂಳೂ ಆಗಲಿಲ್ಲ. ಮತ್ತೆ ಎತ್ತಿದ. ಬಹಳ ಹೊತ್ತು ಅಲ್ಲೇ ಕೂತಿದ್ದ. ಇದಕ್ಕೆ ಇನ್ನೊಂದಿಷ್ಟು ಗೊಬ್ಬರ ಬಿದ್ದಿದ್ದರೆ ಅಂತ ತನಗೆ ತಾನೇ ಅಂದುಕೊಂಡದ್ದು ನನಗೆ ಕೇಳಿಸಿತು. ಮನೆಗೆ ಬಂದವನು ಸೀದಾ ಬಚ್ಚಲಿಗೆ ಹೋಗಿ, ಹಂಡೆಯ ನೀರು ಚೆಲ್ಲಿ, ಮಸಿ ಹಿಡಿದ ಆ ಹಂಡೆಯನ್ನು ಹೆಗಲ ಮೇಲೆ ಹೊತ್ತು, ಬೀದಿಗಿಳಿದು, ಚಿಕ್ಕಪ್ಪನ ಬಾಗಿಲಲ್ಲಿ ಹೋಗಿ ಇಳಿಸಿದ. ಪಾಲಾದ ಮೇಲೆ ಅಣ್ಣ ತಮ್ಮ ಮುಖ ಕೊಟ್ಟು ಮಾತಾಡಿರಲಿಲ್ಲ. ಅಪ್ಪನ ಅಂಗಿಯೆಲ್ಲ ಮಸಿ. ಗೋಡೆಯ ಈಚೆ ನಾವು ಮೂವರು ಕಿವಿಗೊಟ್ಟು ನಿಂತಿದ್ದೆವು.

"ಹಂಡೆ ನೀನೇ ಮಡೀಕ ಚೆಲುವ. ನಂಗೆ ತಿಪ್ಪೇಲಿ ಒಂದೀಟು ಗೊಬ್ರ ಕೊಡು."

ಚಿಕ್ಕಪ್ಪನ ದನಿ ಬಂತು, ಅದರಲ್ಲಿ ನಗು ಇತ್ತು, ಅಳುವೂ ಇತ್ತು.

"ನಮ್ಮನೆಯೋಳು ದಿನಾ ಬೆಳಿಗ್ಗೆ ಒಂದು ಮಂಕರಿ ನಮ್ ತಿಪ್ಪೆಗಾಕಿ, ಒಂದ್ನ ಬೇಲಿ ಮ್ಯಾಗಿಂದ ನಿಮ್ ತಿಪ್ಪೆಗಾಕ್ತಾವ್ಳೆ. ನಂಗೊತ್ತಿಲ್ಲ ಅಂದ್ಕಂಡಿದ್ದೀಯಾ? ಗಾಡಿ ಕಟ್ಟಣ್ಣ. ಹಂಡೆ ಎತ್ಕಂಡೋಗು, ಹಬ್ಬುಕ್ಕೆ ನಾವೇ ಅಲ್ಲಿಗೆ ನೀರುಯ್ಕಳಕೆ ಬತ್ತೀವಿ."

ನಮ್ಮ ತಿಪ್ಪೆ ಲೆಕ್ಕ ಮೀರಿ ಬೆಳೆದ ಗುಟ್ಟು ಹೀಗೆ ಬಯಲಾಯಿತು. ಅಜ್ಜಿಗೆ ಮೊದಲೇ ಗೊತ್ತಿತ್ತು, ಅವಳಿಗೆ ಗೊತ್ತಿಲ್ಲದ್ದು ಆ ಮನೆಯಲ್ಲಿ ಯಾವುದೂ ಇರಲಿಲ್ಲ. ಮರುದಿನದಿಂದ ಹಳೆಯ ತಿಪ್ಪೆ ಬಗೆದರು. ಅಡಿಯಲ್ಲಿ ಪುಡಿಪುಡಿಯಾಗಿ, ಕಾಫಿಪುಡಿಯ ಹಾಗೆ ಕಪ್ಪಗೆ ಮಾಗಿತ್ತು. ಗಾಡಿಗಳು ಬೋರೆ ಏರಿದವು. ರಾಗಿಯನ್ನು ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲುಗಳನ್ನೂ ಬಿಟ್ಟರು, ಒಂದರಲ್ಲಿ ಅವರೆ, ಒಂದರಲ್ಲಿ ತೊಗರಿ, ಒಂದರಲ್ಲಿ ಹುಚ್ಚೆಳ್ಳು. ಒಂದೇ ಪೈರಿಗೆ ಹೊಲ ಬಿಟ್ಟುಕೊಟ್ಟರೆ ಅದು ಒಂದೇ ಬಗೆಯಲ್ಲಿ ತಿಂದು ಮುಗಿಸುತ್ತದೆ, ನಾಲ್ಕು ಜನ ಕೂತರೆ ಕೊಟ್ಟು ತೆಗೆದುಕೊಂಡು ಉಣ್ಣುತ್ತಾರೆ ಅಂತ ಅಜ್ಜಿಯ ವಿವರಣೆ.

ರಾಗಿ ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಮಖೆ ಮಳೆ ಬರಲಿಲ್ಲ, ಹುಬ್ಬೆ ಮಳೆ ಬರುವ ಹಾಗೆ ಮಾಡಿ ಹೋಯಿತು. ಮಧ್ಯಾಹ್ನದ ಬಿಸಿಲಿಗೆ ಸುತ್ತಲಿನ ದಿಣ್ಣೆ ಹೊಲಗಳಲ್ಲಿ ಪೈರು ಎಲೆ ಸುರುಟಿಕೊಂಡು ತಲೆಬಾಗಿಸಿತು. ಅಪ್ಪ ದಿನಾ ಬದುವಿನ ಮೇಲೆ ಹೋಗಿ ಕೂರುತ್ತಿದ್ದ, ನಮ್ಮದೂ ಬಾಗುವುದನ್ನು ಕಾಯುತ್ತಿದ್ದ. ಅದು ಬಾಗಲಿಲ್ಲ. ಬೆಳಿಗ್ಗೆ ಹೇಗೋ ಮಧ್ಯಾಹ್ನವೂ ಹಾಗೆಯೇ ನಿಂತಿತ್ತು. ಕೊನೆಗೆ ಒಂದು ದಿನ ಅವನು ಮನೆಯಿಂದ ಚೊಂಬಿನಲ್ಲಿ ನೀರು ತಂದ. ನಾನು ತೋರಿಸಿದ, ಅಂದು ಅಜ್ಜಿ ಕೂತಿದ್ದ ಜಾಗದಲ್ಲೇ ಕೂತು, ರಾಗಿಯ ಬುಡದಲ್ಲಿ ಸುರಿದ. ನಾನು ಬಗ್ಗಿ ನೋಡಿದೆ. ನೀರು ಹರಿಯಲಿಲ್ಲ. ಸುರಿದ ಜಾಗದಲ್ಲೇ ಮಾಯವಾಯಿತು, ಒಳಗಿನಿಂದ ಯಾರೋ ಬಾಯಿಟ್ಟು ಹೀರಿದ ಹಾಗೆ. ಒಂದು ಸಣ್ಣ ಸದ್ದೂ ಬಂತು. ಅಪ್ಪ ಬೆರಳಿಂದ ಬಗೆದ. ಅಷ್ಟು ದಿನದ ಬಿಸಿಲಿನ ಕೆಳಗೆ, ಗೇಣಿನ ಆಳದಲ್ಲಿ, ಮಣ್ಣು ಇನ್ನೂ ತಂಪಾಗಿತ್ತು. ಎಂದೋ ಬಂದ ಮಳೆಯನ್ನು ಅದು ಯಾರಿಗೂ ಹೇಳದೆ ಎತ್ತಿಟ್ಟುಕೊಂಡಿತ್ತು. ಅಪ್ಪ ಆ ಮಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಕಣ್ಣುಮುಚ್ಚಿದ. ಅವನು ಪೂಜೆ ಪುನಸ್ಕಾರದ ಮನುಷ್ಯನಲ್ಲ. ಈಗ ಆ ಹೊಲ ನನ್ನದು, ಮನೆ ಅಳಿಯನಾಗಿ ಬಂದ ನನ್ನ ಗಂಡ ಅದನ್ನು ಉಳುತ್ತಾನೆ. ಚೊಂಬಿನ ನೀರು ಸುರಿದು ನೋಡುವುದನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ, ಪ್ರತಿ ಸಲವೂ ಅದೇ ಬೆರಗು.

ದೀಪಾವಳಿಗೆ ನೀರು ತುಂಬುವ ದಿನ ಅವ್ವ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣದ ಪಟ್ಟೆ ಬಳಿದು, ಕುತ್ತಿಗೆಗೆ ಉಗನಿ ಹಂಬು ಸುತ್ತಿದಳು. ಗೋಡೆಯ ಆಚೆಯವರು ಎಣ್ಣೆ ಹಚ್ಚಿಕೊಂಡು ಸಾಲಾಗಿ ಬಂದು ಮಿಂದರು. ಸಂಜೆಗೆ ಅಜ್ಜಿ ಎರಡು ತಿಪ್ಪೆಗೂ ಹುಚ್ಚೆಳ್ಳು ಹೂ ಚುಚ್ಚಿ, ಸಗಣಿಯ ಮೇಲೆ ಹಣತೆ ಹಚ್ಚಿಟ್ಟಳು. ಬೇಲಿಯ ಎರಡು ಕಡೆ ಎರಡು ದೀಪ ಉರಿಯಿತು.

ಕಾರ್ತಿಕದ ಕೊನೆಗೆ ಮೇಸ್ತ್ರಿ ಹೇಳಿದ ಮಾತಿನಂತೆ ಬಂದರು. ಜೀಪು ದಾರಿಯಲ್ಲಿ ನಿಂತಿತ್ತು, ಊರಿನ ಬೇರೆ ಕೆಲವರು ಗಂಟು ಕಟ್ಟಿಕೊಂಡು ಆಗಲೇ ಹತ್ತಿದ್ದರು. ರಾಗಿ ಕೊಯ್ದು ಮೆದೆ ಒಟ್ಟಿ ಆಗಿತ್ತು, ಆದರೂ ಅಪ್ಪ ಏನು ಹೇಳುತ್ತಾನೋ ಅಂತ ನಮಗೆ ಗೊತ್ತಿರಲಿಲ್ಲ. ಅವನು ಕೊಟ್ಟ ಮಾತನ್ನು ತಪ್ಪುವವನಲ್ಲ, ಅದೇ ನಮಗಿದ್ದ ದಿಗಿಲು. ಅವ್ವ ನಾಲ್ಕು ತೆನೆ ತಿಕ್ಕಿ ಬೀಸಿದ ಹೊಸ ರಾಗಿಯ ಮುದ್ದೆ, ಅವರೆಕಾಳಿನ ಸಾರು ಬಡಿಸಿ ಬಾಗಿಲ ಮರೆಗೆ ಸರಿದು ನಿಂತಳು. ಮೇಸ್ತ್ರಿ ಉಂಡು, ಕೈ ತೊಳೆದು, ಹೊರಡೋಣವಾ ಮಾದೇವಣ್ಣ ಅಂತ ಕೇಳಿದರು.

"ಇಲ್ಲ ಕಣ್ರೀ. ಆಡಿದ್ ಮಾತು ತಪ್ತಾವ್ನಿ, ಬೇಜಾರ್ ಮಾಡ್ಕಬೇಡಿ. ತಿಪ್ಪೆ ಬುಟ್ಬುಟ್ಟು ಬರಕ್ಕಾಗಕಿಲ್ಲ."

ಮೇಸ್ತ್ರಿಗೆ ಏನು ಅರ್ಥವಾಯಿತೋ ತಿಳಿಯದು. ಹೊಲ ಬಿಟ್ಟು ಬರಲಾಗುವುದಿಲ್ಲ ಅನ್ನುವವರನ್ನು, ಮನೆ ಬಿಟ್ಟು ಬರಲಾಗುವುದಿಲ್ಲ ಅನ್ನುವವರನ್ನು ಅವರು ಬೇಕಾದಷ್ಟು ಕಂಡಿರಬೇಕು. ತಲೆಯಾಡಿಸಿ ಎದ್ದು ಹೋದರು. ಜೀಪಿನ ಸದ್ದು ಸಂತೆ ದಾರಿಯಲ್ಲಿ ಅಡಗುವವರೆಗೆ ಅವ್ವ ಬಾಗಿಲ ಮರೆಯಿಂದ ಅಲುಗಾಡಲಿಲ್ಲ.

ಮರುದಿನ ಬೆಳಿಗ್ಗೆ ಮಂಜು ಕವಿದಿತ್ತು. ನಾನು ನನ್ನ ಪುಟ್ಟ ಮಂಕರಿ ಹುಡುಕಿಕೊಂಡು ಕೊಟ್ಟಿಗೆಗೆ ಹೋದರೆ ಅವ್ವ ಬರಿಗೈಯಲ್ಲಿ ನಿಂತಿದ್ದಳು. ಅವಳ ಮಂಕರಿ ಕಾಣಲಿಲ್ಲ. ಹಿತ್ತಲ ಕಡೆ ಕೈ ತೋರಿಸಿದಳು. ಅಲ್ಲಿ, ಹಬೆಯಾಡುವ ತಿಪ್ಪೆಯ ದಾರಿಯಲ್ಲಿ, ಊರಿನ ಯಾವ ಗಂಡಸೂ ಹೊರದ ಮಂಕರಿಯನ್ನು ತಲೆಯ ಮೇಲೆ ಹೊತ್ತು, ಬೀಳದ ಹಾಗೆ ಎರಡು ಕೈಯಿಂದಲೂ ಹಿಡಿದುಕೊಂಡು, ಅಪ್ಪ ನಿಧಾನವಾಗಿ ಹೋಗುತ್ತಿದ್ದ. ನಾನು ನನ್ನ ಮಂಕರಿ ಎತ್ತಿಕೊಂಡು ಅವನ ಹಿಂದೆ ನಡೆದೆ.